ಕಾಲುವೆಯ ಊರಿಗೆ ಒಂದು ಕ್ಯಾನು ನೀರು

ಮೊನ್ನೆ ಬೆಳಿಗ್ಗೆ ನೀರಿನ ಕ್ಯಾನು ಎತ್ತಿದೆ. ಮುಚ್ಚಳ ಸರಿಯಾಗಿ ಕೂತಿಲ್ಲ ಎಂಬುದು ಗೊತ್ತಾಗುವ ಹೊತ್ತಿಗೆ ಅರ್ಧ ಕ್ಯಾನು ಹೊಸ್ತಿಲು ದಾಟಿ ಹರಿದಿತ್ತು. ಮುಚ್ಚಳ ಹಾಕಿದವನು ನಾನೇ, ಎತ್ತಿದವನೂ ನಾನೇ. ಬೈಯಲು ಬೇರೆ ಯಾರೂ ಸಿಗದೆ ಸ್ವಲ್ಪ ಹೊತ್ತು ಕ್ಯಾನನ್ನೇ ಬೈದೆ. ಹೊಸ್ತಿಲಾಚೆ ಹಾಸಿದ್ದ ತೆಂಗಿನ ನಾರಿನ ಮ್ಯಾಟು ಮಾತ್ರ ಒಂದು ಹನಿಯನ್ನೂ ದಂಡ ಮಾಡದೆ ಕುಡಿದು, ಊದಿಕೊಂಡು, ಒಂದು ವಾಸನೆ ಬಿಟ್ಟಿತು. ನೆನೆದ ನಾರು, ಚೂರು ಉಪ್ಪು, ಚೂರು ಡೀಸೆಲ್, ಎಲ್ಲೋ ಕೊಳೆಯುತ್ತಿರುವ ಎಲೆ. ನಾನು ಕ್ಯಾನು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ನಿಂತ್ಕಂಡು ಏನ್ ಮಾಡ್ತಿದೀರಿ? ಒರೆಸ್ರೀ," ಎಂದಳು ಒಳಗಿನಿಂದ ನನ್ನ ಹೆಂಡತಿ ಚೈತ್ರಾ.

"ಅಲೆಪ್ಪಿಯಾಗೆ ಇದೀನಿ," ಎಂದೆ.

"ಬರುವಾಗ ಒರೆಸೋ ಬಟ್ಟೆ ತಗಂಡು ಬನ್ನಿ."

ನನ್ನ ಮೂಗಿನ ಬಗ್ಗೆ ನಿಮಗೆ ಒಂದು ಮಾತು ಹೇಳಿಬಿಡಬೇಕು. ತಲೆಗಿಂತ ಅದು ಚುರುಕು. ಶಾಲೆಯಲ್ಲಿ ಮೂಗಿನಿಂದ ಪರೀಕ್ಷೆ ಬರೆಯಲು ಬಿಟ್ಟಿದ್ದರೆ ನಾನು ಇಷ್ಟು ಹೊತ್ತಿಗೆ ಯಾವುದೋ ಜಿಲ್ಲೆಗೆ ದೊಡ್ಡ ಸಾಹೇಬನಾಗಿರುತ್ತಿದ್ದೆ. ಬಿಡಲಿಲ್ಲ, ಹಾಗಾಗಿ ಮೋಟಾರ್ ರೀವೈಂಡಿಂಗ್ ಮಾಡುತ್ತೇನೆ. ಅಂದರೆ, ಬೋರ್‌ವೆಲ್ಲಿನೊಳಗೆ ಇಳಿಬಿಟ್ಟ ಮೋಟಾರು ಸುಟ್ಟುಹೋದರೆ ಅದನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಈ ಕಸುಬಿನಲ್ಲಿ ಮೂಗಿಗೆ ಬೆಲೆಯಿದೆ. ಸುಟ್ಟ ಮೋಟಾರನ್ನು ಬಾಗಿಲಲ್ಲೇ ಮೂಸಿ, "ಇದು ಪೂರ್ತಿ ಹೋಗೈತೆ" ಎಂದು ಗಂಭೀರವಾಗಿ ಹೇಳಿದರೆ ರೈತರು ನನ್ನನ್ನು ಡಾಕ್ಟರಂತೆ ನೋಡುತ್ತಾರೆ. ಪೂರ್ತಿ ಹೋಗದಿದ್ದರೆ ಅವರು ಅದನ್ನು ಹೊತ್ತುಕೊಂಡು ಬರುತ್ತಲೇ ಇರಲಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ಅಲ್ಲಿಗೆ ನನ್ನ ಬದುಕು ನಡೆಯುತ್ತದೆ.

ಆಗ ನನ್ನ ಅಂಗಡಿ ಇದ್ದದ್ದು ಜಗಳೂರಿನಲ್ಲಿ. ನಾನು ಹುಟ್ಟಿದ ಊರು. ನಮ್ಮ ಕಡೆ ನೀರು ಪಾತಾಳದಲ್ಲಿದೆ, ಅಲ್ಲಿಂದ ಎತ್ತಿ ಎತ್ತಿ ಮೋಟಾರುಗಳಿಗೆ ಜೀವ ಹೋಗುತ್ತದೆ, ಆದ್ದರಿಂದ ನನಗೆ ಪುರುಸೊತ್ತೇ ಇರುತ್ತಿರಲಿಲ್ಲ. ಚೈತ್ರಾ ಹೊನ್ನಾಳಿ ಕಡೆಯ ಹಳ್ಳಿಯವಳು. ಅವರಪ್ಪ ಅಲ್ಲಿನ ನಾಲೆಯ ಮೇಲೆ ನೀರುಗಂಟಿ. ತೂಬಿನ ಗೇಟು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವವರು. ಚೈತ್ರಾ ನ್ಯಾಮತಿಯಲ್ಲಿ ಹೈಸ್ಕೂಲು ವಿಜ್ಞಾನದ ಮೇಡಂ. ಅಂದರೆ ಮಾವನ ನೀರು ಮೇಲೆ ಹರಿಯುವುದು, ನನ್ನದು ಕೆಳಗೆ ಅಡಗಿರುವುದು, ಇವಳದು ಎಚ್ ಟು ಓ.

ಮದುವೆಯಾದ ಮೇಲೂ ಅವಳು ನ್ಯಾಮತಿಯಲ್ಲಿ ಒಂದು ಸಣ್ಣ ಬಾಡಿಗೆ ಮನೆಯಲ್ಲಿ, ನಾನು ಜಗಳೂರಿನಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವರ ಮಕ್ಕಳ ಗದ್ದಲದ ನಡುವೆ. ಶನಿವಾರ ಸಂಜೆ ಬಸ್ಸು ಹತ್ತುತ್ತಿದ್ದೆ. ದಾವಣಗೆರೆಯಲ್ಲಿ ಇಳಿದು ಹೊನ್ನಾಳಿ ಬಸ್ಸು, ಹೊನ್ನಾಳಿಯಲ್ಲಿ ಇಳಿದು ನ್ಯಾಮತಿ ಬಸ್ಸು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅದೇ ದಾರಿ ಹಿಂದುಮುಂದಾಗಿ. ಅವಳ ಶಾಲೆಯ ಮೇಡಮ್ಮುಗಳು ನನಗೆ 'ಶನಿವಾರದ ಗಂಡ' ಎಂದು ಹೆಸರಿಟ್ಟಿದ್ದರು. ನಾನು ಕಾಲೊರೆಸಿಕೊಂಡು ಒಳಗೆ ಬರುವುದಕ್ಕೂ ಹೊರಡಲು ಚಪ್ಪಲಿ ಹಾಕುವುದಕ್ಕೂ ನಡುವೆ ಇರುತ್ತಿದ್ದದ್ದು ಒಂದು ಭಾನುವಾರ. ಅದರಲ್ಲೂ ಅರ್ಧ ಭಾನುವಾರ ನಾನು ನಿದ್ದೆ ಮಾಡುತ್ತಿದ್ದೆ ಎಂಬುದು ಅವಳ ದೂರು. ಕಾಲುಭಾಗ ಮಾತ್ರ ಎಂಬುದು ನನ್ನ ವಾದ.

ಹೀಗಿರುವಾಗ ವರ್ಗಾವಣೆಯ ಕಾಲ ಬಂತು. ಚೈತ್ರಾ ಜಗಳೂರು ಕಡೆಗೆ ಕೇಳಿಕೊಳ್ಳಬಹುದಿತ್ತು. ಅಥವಾ ನಾನು ಅಂಗಡಿ ಎತ್ತಿಕೊಂಡು ನ್ಯಾಮತಿಗೆ ಹೋಗಬಹುದಿತ್ತು. ಮಾತು ತೆಗೆದಾಗಲೆಲ್ಲ ನಾನು ಒಂದು ತಮಾಷೆ ಮಾಡುತ್ತಿದ್ದೆ, ಅವಳು ನಗುತ್ತಿದ್ದಳು, ಭಾನುವಾರ ಮುಗಿಯುತ್ತಿತ್ತು. ತಮಾಷೆಯ ಹಿಂದೆ ಇದ್ದದ್ದು ಶುದ್ಧ ಪುಕ್ಕಲುತನ. ಜಗಳೂರಲ್ಲಿ ನಾನು ದಾರಿಯಲ್ಲಿ ನಡೆದರೆ ಟ್ರ್ಯಾಕ್ಟರುಗಳು ನಿಂತು ಮಾತಾಡಿಸುತ್ತವೆ. ನಾಲೆಯ ನೀರು ಕಾಲಡಿಯಲ್ಲೇ ಹರಿಯುವ ಸೀಮೆಯಲ್ಲಿ ಬೋರ್‌ವೆಲ್ ಮೋಟಾರಿನವನನ್ನು ಯಾರು ಕೇಳುತ್ತಾರೆ? ಮೇಲಾಗಿ ಗೆಳೆಯರು. "ಹೆಂಡ್ತಿ ಊರು ಸೇರ್ಕಂಡ್ನಲ್ಲಪ್ಪೋ" ಎಂದು ಅವರು ಹೇಳುವ ಧಾಟಿ ನನಗೆ ಕೇಳಿಸುತ್ತಲೇ ಇತ್ತು. ಬೇರೆಯವರು ಹೋದಾಗ ಆ ಧಾಟಿ ಕಂಡುಹಿಡಿದವನು ನಾನೇ.

ದಸರಾ ರಜೆ ಬಂದಾಗ ಚೈತ್ರಾ ಅಲೆಪ್ಪಿಗೆ ಟಿಕೆಟ್ ಮಾಡಿಸಿದಳು. ಊರ ತುಂಬ ಕಾಲುವೆಗಳಂತೆ, ಹಿಂದಿನ ಕಾಲದಲ್ಲಿ ಮೆಣಸು, ನಾರು ಎಲ್ಲ ದೋಣಿಯಲ್ಲೇ ಬಂದು ಸಮುದ್ರದ ಹಡಗು ಸೇರುತ್ತಿತ್ತಂತೆ. ಟಿಕೆಟ್ ತೋರಿಸಿ ಅವಳು ಹೇಳಿದ ಮಾತು ಮಾತ್ರ ಕಾಲುವೆಯದಲ್ಲ.

"ರಜೆ ಮುಗಿದ ತಕ್ಷಣ ನಾನು ಶಾಲೆಯಾಗೆ ಹೇಳ್ಬೇಕು. ನಾನ್ ಬರ್ಲೋ, ನೀವ್ ಬರ್ತೀರೋ. ಹೋಗಿ ವಾಪಸ್ ದಾವಣಗೆರೆಯಾಗೆ ಇಳಿಯೋದ್ರೊಳಗೆ ಹೇಳ್ರಿ. ತಮಾಷೆ ಮಾಡ್ದೆ ಹೇಳ್ಬೇಕು."

"ತಮಾಷೆ ಮಾಡ್ದೆ ಅಂದ್ರೆ, ಹೆಂಗೆ?" ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಸುದ್ದಿ ಕೇಳಿ ಮಾವನವರು ಫೋನಿನಲ್ಲೇ ನಕ್ಕರು. "ಚಾನಲ್ ನೋಡಾಕೆ ಕೇರಳಕ್ಕೆ ಹೊಂಟೀರಾ ಅಳಿಯಂದ್ರೇ? ನಮ್ಮ ಹಿತ್ತಲಾಗೇ ಹೋಗೈತಲ್ರೀ. ಬರ್ರಿ, ದಂಡೆ ಮ್ಯಾಲೆ ಚಾಪೆ ಹಾಸ್ಕೊಡ್ತೀನಿ, ಇಬ್ರೂ ಕುಂತ್ಕಂಡು ಎಷ್ಟ್ ಬೇಕೋ ಅಷ್ಟು ನೋಡ್ರಿ."

ಹೊರಡುವ ದಿನ ಅಮ್ಮ ಬಾಗಿಲಲ್ಲಿ ತಡೆದಳು. ನಮ್ಮ ಮನೆಯಲ್ಲಿ ಯಾರೇ ಎಲ್ಲಿಗೇ ಹೊರಡಲಿ, ಸಂತೆಗಾಗಲಿ ಮದುವೆಗಾಗಲಿ, ಅಮ್ಮನ ಪ್ರಶ್ನೆ ಒಂದೇ. "ನೀರು ತಗಂಡ್ಯೇನೋ?" ನಮ್ಮ ಮನೆ ಅಂತಲ್ಲ, ನಮ್ಮ ಸೀಮೆಯ ಬಸ್ಸಿನಲ್ಲಿ ನೀವು ಕಾಲು ಚಾಚಿದರೆ ಯಾರದೋ ಕ್ಯಾನಿಗೆ ತಗಲುತ್ತದೆ. ಅಮ್ಮ ಬಿಳಿಯ ದೊಡ್ಡ ಕ್ಯಾನಿನಲ್ಲಿ ಫಿಲ್ಟರ್ ನೀರು ಮುಚ್ಚಳದವರೆಗೆ ತುಂಬಿಟ್ಟಿದ್ದಳು. ಹಿಡಿಕೆಗೆ ಹಳೇ ಸೀರೆಯ ಚಿಂದಿ ಸುತ್ತಿದ್ದಳು, ನನ್ನ ಕೈ ನೋಯಬಾರದೆಂದು.

"ಅಮ್ಮಾ, ಅದು ನೀರಿನ ಊರು ಕಣೇ. ಮನೆ ಮುಂದೆ ನೀರು, ಮನೆ ಹಿಂದೆ ನೀರು."

"ಊರೆಲ್ಲ ನೀರಿದ್ರೆ ಕುಡಿಯಾಕೆ ಎಲ್ಲಿ ಇರ್ತಾವೋ? ಸುಮ್ನೆ ತಗಂಡು ಹೋಗು."

ತೆಗೆದುಕೊಂಡು ಹೋದೆ. ಈಗ ನೀವು ದಾವಣಗೆರೆ ಸ್ಟೇಷನ್ನನ್ನು ಕಲ್ಪಿಸಿಕೊಳ್ಳಿ. ಹೊಸ ಚೂಡಿದಾರ, ಹೊಸ ಚಪ್ಪಲಿ, ಚಕ್ರವಿರುವ ಸೂಟ್‌ಕೇಸಿನೊಂದಿಗೆ ನಿಂತ ಹೆಂಡತಿ. ಅವಳ ಎದುರಿಗೆ ಬಣ್ಣದ ಕನ್ನಡಕ ಹಾಕಿಕೊಂಡು, ಸೀರೆ ಚಿಂದಿ ಸುತ್ತಿದ ಕ್ಯಾನು ಹಿಡಿದು, ಒಂದು ಕಡೆಗೆ ವಾಲಿಕೊಂಡು ಬರುತ್ತಿರುವ ಗಂಡ. ಅವಳು ಕ್ಯಾನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ರೈಲು ಬರುವ ದಿಕ್ಕನ್ನು ನೋಡಿದಳು. ಅಲ್ಲಿಂದ ಮುಂದೆ ಪ್ರಯಾಣದುದ್ದಕ್ಕೂ ಆ ಕ್ಯಾನಿಗೂ ತನಗೂ ಪರಿಚಯವಿಲ್ಲ ಎಂಬಂತೆ ಕೂತಳು. ಕ್ಯಾನು ನನ್ನ ಪಕ್ಕ ಇದ್ದದ್ದರಿಂದ ನನಗೂ ಅದೇ ಗತಿ.

ಬೆಂಗಳೂರಿನಲ್ಲಿ ಗಾಡಿ ಬದಲಿಸಿದೆವು. ಸೀಟಿನ ಕೆಳಗೆ ಕ್ಯಾನು ಹಿಡಿಸಲಿಲ್ಲ, ನಡುವೆ ನಿಲ್ಲಿಸಿದರೆ ಎದುರಿನವರ ಮೊಣಕಾಲಿಗೆ ತಾಗುತ್ತಿತ್ತು, ಕೊನೆಗೆ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಟಿಕೆಟ್ ನೋಡುವ ಸಾಹೇಬರು ಬಂದರು.

"ಏನ್ರೀ ಅದು? ಎಣ್ಣೇನಾ?"

"ಅಲ್ಲ ಸಾರ್. ನೀರು."

"ಎಲ್ಲಿಗೆ?"

"ಅಲೆಪ್ಪಿಗೆ ಸಾರ್."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಟಿಕೆಟ್ ಮೇಲೆ ಗೀಟು ಹಾಕಲು ಎತ್ತಿದ ಪೆನ್ನು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಚೈತ್ರಾಳ ಕಡೆ ತಿರುಗಿ, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ವಿಚಾರಿಸುವ ದನಿಯಲ್ಲಿ, "ಜೊತೆಗೆ ನೀವಿದೀರಲ್ಲಮ್ಮ?" ಎಂದರು.

"ಇದೀನಿ ಸಾರ್," ಎಂದಳು. ಆ ಎರಡು ಪದಗಳಲ್ಲಿ ಎಷ್ಟು ಆಯಾಸವಿತ್ತು ಎಂದರೆ ಅವರು ಮುಂದೇನೂ ಕೇಳದೆ ಹೋದರು.

ಎದುರು ಸೀಟಿನಲ್ಲಿದ್ದವರು ಚನ್ನಗಿರಿ ಕಡೆಯ ಒಬ್ಬ ಯಜಮಾನರು. ಅಡಿಕೆ ಬೆಳೆಗಾರರು, ಊರು ಉಬ್ರಾಣಿ, ಕನ್ಯಾಕುಮಾರಿ ನೋಡಲು ಹೊರಟವರು. ಇದೆಲ್ಲ ಅವರು ಹೇಳುವ ಮೊದಲೇ ಅವರ ಎಲೆಅಡಿಕೆ ಚೀಲ ಹೇಳುತ್ತಿತ್ತು. ನಾವು ಮಂಡಕ್ಕಿ ಪೊಟ್ಟಣ ಬಿಚ್ಚಿದ ಕೂಡಲೇ ಅವರು ನಮ್ಮ ಕಡೆಯವರಾಗಿಬಿಟ್ಟರು.

"ಮಂಡಕ್ಕಿ ಕಲಸಿರೋ ಕೈ ನೋಡಿದ್ರೆ ನಮ್ಮ ಜಿಲ್ಲೇನೇ. ಯಾವೂರ್ರೀ ನಿಮ್ದು?"

"ಜಗಳೂರು," ಎಂದೆ ನಾನು.

"ನ್ಯಾಮತಿ," ಎಂದಳು ಅವಳು. ಎರಡೂ ಒಂದೇ ಗಳಿಗೆಯಲ್ಲಿ.

ಯಜಮಾನರ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗುವುದನ್ನು ಮರೆಯಿತು. ಅವರು ಅವಳ ತಾಳಿ ನೋಡಿದರು, ನನ್ನ ಕ್ಯಾನು ನೋಡಿದರು.

"ಗಂಡ ಹೆಂಡ್ತಿ ಹೌದೋ ಅಲ್ವೋ?"

"ಶನಿವಾರ ಮಾತ್ರ ಯಜಮಾನ್ರೇ," ಎಂದೆ. ಅವರು ಎಷ್ಟು ನಕ್ಕರೆಂದರೆ ಮಂಡಕ್ಕಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಕ್ಯಾನಿನಿಂದ ನೀರು ಬಗ್ಗಿಸಿ ಕೊಟ್ಟೆ. ಅದೇ ಮೊದಲ ಬೋಣಿ. ಆಮೇಲೆ ಪಕ್ಕದ ಸಾಲಿನವರು ಕೇಳಿದರು, ಆಮೇಲೆ ಅವರ ಪಕ್ಕದವರು. ನಾನು ಬೋಗಿಯ ನೀರುಗಂಟಿಯಾದೆ, ಮಾವನ ಕಸುಬು ಅಳಿಯನಿಗೆ ಬಂತು ಎಂದು ಹಿಗ್ಗಿದೆ. ಎಲ್ಲರೂ ನಗುತ್ತಿದ್ದರು. ಚೈತ್ರಾ ಮಾತ್ರ ಕಿಟಕಿಯ ಕಡೆ ತಿರುಗಿ ಕೂತಿದ್ದಳು. 'ಶನಿವಾರ ಮಾತ್ರ' ಎಂಬುದು ಅವಳಿಗೆ ತಮಾಷೆಯಾಗಿ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ಇನ್ನೂ ಹೇಳಿಲ್ಲ ನೀವು," ಎಂದಳು.

"ಕೇರಳ ಬರ್ಲಿ ತಡಿ."

ಕೇರಳ ಬಂತು. ಎರ್ನಾಕುಲಂನಲ್ಲಿ ಇಳಿದು, ಯಜಮಾನರಿಗೆ ಕೈಬೀಸಿ, ಪ್ಯಾಸೆಂಜರ್ ಗಾಡಿ ಹತ್ತಿದೆವು. ಕಿಟಕಿಯಾಚೆ ನೀರು. ಒಂದು ಮನೆ, ನೀರು, ಒಂದು ಮನೆ, ನೀರು. ಬಟ್ಟೆ ಒಗೆಯುವವರು, ತೆಂಗಿನ ಮರಕ್ಕೆ ಕಟ್ಟಿದ ದೋಣಿ. ಜಗಳೂರಿನ ನನಗೆ ಎದೆ ಢವಢವ ಎನ್ನುತ್ತಿತ್ತು. ಇಷ್ಟು ನೀರು ಬಯಲಲ್ಲಿ ಬಿದ್ದಿದೆ, ಯಾರೂ ಕಾವಲಿಲ್ಲ!

ಅಲೆಪ್ಪಿಗೆ ನೀವು ಹೋಗಿದ್ದರೆ ನಿಮಗೆ ಗೊತ್ತು. ಊರ ನಡುವೆ ಉದ್ದಕ್ಕೆ ಕಾಲುವೆ, ಅದರ ಮೇಲೆ ಸಾಲಾಗಿ ಸೇತುವೆ, ದಂಡೆಯಲ್ಲಿ ಹಳೆಯ ಹಂಚಿನ ಉಗ್ರಾಣಗಳು. ನಾರು, ಮೆಣಸು, ಗೋಣಿ ಹೊತ್ತ ದೋಣಿಗಳು ಬಂದು ನಿಲ್ಲುತ್ತಿದ್ದ ಮೆಟ್ಟಿಲುಗಳ ಮೇಲೆ ಈಗ ಪಾಚಿ. ನಾನು ಸೇತುವೆಯ ಮೇಲೆ ಬಣ್ಣದ ಕನ್ನಡಕದಲ್ಲಿ ಫೋಟೋ ತೆಗೆಸಿಕೊಂಡೆ. ಚೈತ್ರಾ ನೋಡಿದ್ದೇ ಬೇರೆ. ಸೇತುವೆಯಿಂದ ಬಗ್ಗಿ ಈ ಕಡೆ ನೋಡಿದಳು, ಆ ಕಡೆ ನೋಡಿದಳು.

"ರೀ, ಇದಕ್ಕೆ ತೂಬು ಎಲ್ಲೈತೆ?"

"ಇದು ಗದ್ದೆಗೆ ಬಿಡೋ ಚಾನಲ್ ಅಲ್ಲ ಕಣೆ. ದೋಣಿ ಹೋಗಾಕೆ ತೋಡಿಸಿದ್ದು."

"ಅಂದ್ರೆ, ಕೊನೇ ಗದ್ದೆ ಅಂತ ಯಾವ್ದೂ ಇಲ್ವಾ? ಯಾರೂ ಜಗಳ ಆಡಾಕೆ ಬರಲ್ವಾ?"

ಅವಳ ಬಾಲ್ಯ ಪೂರ್ತಿ ಕಳೆದದ್ದು ಆ ಜಗಳದ ನಡುವೆ. ನಾಲೆಯ ತುದಿಯ ಗದ್ದೆಯವರು ಬಾಗಿಲಿಗೆ ಬಂದು ಅವರಪ್ಪನನ್ನು ಕೂಗಿ ಎಬ್ಬಿಸುವುದು, ಅವರು ಪಂಚೆ ಕಟ್ಟಿಕೊಂಡು ಗೇಟಿನ ಕಡೆ ಓಡುವುದು. ಯಾರೂ ಜಗಳವಾಡದ ನೀರನ್ನು ಅವಳು ಅಲ್ಲೇ ಮೊದಲು ನೋಡಿದಳೋ ಏನೋ. ತಡೆಯಲಾರದೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಕಾಲುವೆ ತೋರಿಸಿದಳು. ಮಾವನವರು ಫೋನನ್ನು ಕಣ್ಣಿಗೆ ಒತ್ತಿಕೊಂಡು ನೋಡಿದರು. ನಮಗೆ ಅವರ ಒಂದು ಹುಬ್ಬು ಮಾತ್ರ ಕಾಣುತ್ತಿತ್ತು.

"ಹೂಳು ತೆಗ್ದಿಲ್ಲ," ಎಂದಿತು ಹುಬ್ಬು. "ಅಲ್ನೋಡ್ರೀ ಅಳಿಯಂದ್ರೇ, ಗಿಡ ಹೆಂಗ್ ಬೆಳ್ದೈತೆ. ನಮ್ಮ ಚಾನಲ್ ಹಿಂಗ್ ಇಟ್ಟಿದ್ರೆ ಜನ ನನ್ನ ಅದ್ರಾಗೇ ಮುಳುಗಿಸ್ತಿದ್ರು."

ಅಷ್ಟು ದೂರದ ಪ್ರವಾಸಿ ತಾಣಕ್ಕೆ ಒಂದೇ ನೋಟದಲ್ಲಿ ನಪಾಸು.

ಮಾರನೇ ದಿನ ಸಣ್ಣ ಮೋಟಾರು ದೋಣಿ ಹತ್ತಿದೆವು. ಮೇಲೆ ಬಟ್ಟೆಯ ಚಪ್ಪರ, ಎರಡು ಮೆತ್ತನೆಯ ಕುರ್ಚಿ. ನನಗೆ ಈಜು ಬಾರದು. ನಮ್ಮೂರಲ್ಲಿ ಈಜು ಕಲಿಯಬೇಕೆಂದರೆ ಮೊದಲು ನೀರು ಹುಡುಕಬೇಕು. ಆದ್ದರಿಂದ ಲೈಫ್ ಜಾಕೆಟನ್ನು ದೋಣಿಗೆ ಕಾಲಿಡುವ ಮೊದಲೇ ಹಾಕಿಕೊಂಡೆ, ಅದೂ ಹಿಂದುಮುಂದಾಗಿ. ಬಿಗಿದ ಬಕಲು ಬೆನ್ನಿಗೆ ಹೋಗಿ, ಬಿಚ್ಚಲು ಕೈ ಎಟುಕದೆ, ಆ ದಿನವೆಲ್ಲ ಎದೆಯುಬ್ಬಿದ ಪಾರಿವಾಳದಂತೆ ಇದ್ದೆ. ಕೈಯಲ್ಲಿ ಕ್ಯಾನು, ಅದರಲ್ಲಿ ಇನ್ನೂ ಅರ್ಧ ನೀರು.

"ಅದನ್ನಾದ್ರೂ ಲಾಡ್ಜಿನಾಗೆ ಬಿಟ್ಟು ಬರ್ಬಾರ್ದಾ?"

"ಕೈ ಖಾಲಿ ಅನಿಸ್ತೈತೆ ಕಣೆ."

ದೋಣಿ ನಡೆಸುವ ಚೇಟ (ಅಲ್ಲಿ ಅಣ್ಣನಿಗೆ ಹಾಗೆನ್ನುತ್ತಾರೆ) ನಡುವಯಸ್ಸಿನ ಮನುಷ್ಯ, ಮಿತ ಮಾತು. ಅವನಿಗೆ ಅರ್ಧ ಹಿಂದಿ ಬರುತ್ತಿತ್ತು, ನನಗೆ ಇನ್ನರ್ಧ. ದುರದೃಷ್ಟಕ್ಕೆ ಎರಡೂ ಅರ್ಧಗಳು ಎಲ್ಲೂ ಕೂಡುತ್ತಿರಲಿಲ್ಲ. ಊರಿನ ಕಾಲುವೆ ಬಿಟ್ಟು ಅಗಲವಾದ ನೀರಿಗೆ ಬಂದೆವು. ಗಾಳಿ ಚೆನ್ನಾಗಿತ್ತು, ಚೈತ್ರಾಳ ಮುಖ ಮೊದಲ ಸಲ ಸಡಿಲವಾಗಿತ್ತು. ಅವಳು ಬಾಯಿ ತೆರೆದಳು. ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ತಪ್ಪಿಸಿಕೊಳ್ಳಲು ಸುತ್ತಲೂ ನೀರು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಆಗ ಇಂಜಿನ್ನು ನಿಂತಿತು.

ಆ ಇಂಜಿನ್ನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಹೊಗೆ, ಬಿಸಿಯ ವಾಸನೆ. ಚೇಟ ಗಡಿಬಿಡಿಯೇನೂ ಮಾಡದೆ ಉದ್ದನೆಯ ಗಳು ಹಾಕಿ ದೋಣಿಯನ್ನು ದಂಡೆಗೆ ತಳ್ಳಿದ. ಹಗ್ಗವನ್ನು ತೆಂಗಿನ ಬುಡಕ್ಕೆ ಸುತ್ತಿ, ಬೀಡಿ ಹಚ್ಚಿ ಕೂತ. ಬಿಸಿಲು ನೆತ್ತಿಗೆ ಬಂತು.

ದಂಡೆಯ ಮೇಲೆ ಸಾಲಾಗಿ ಕೊಡಗಳಿದ್ದವು. ಪ್ಲಾಸ್ಟಿಕ್ಕಿನವು, ಸ್ಟೀಲಿನವು, ಒಂದರ ಹಿಂದೆ ಒಂದು. ಪಕ್ಕದಲ್ಲಿ ನೆರಳಿನಲ್ಲಿ ಹೆಂಗಸರು ಕೂತು ಮಾತಾಡುತ್ತಿದ್ದರು. ಒಬ್ಬಳು ಹೊಸದಾಗಿ ಬಂದು ಕೊಡವನ್ನು ನಡುವೆ ತೂರಿಸಲು ನೋಡಿದಳು, ಇನ್ನೊಬ್ಬಳು ಅದನ್ನು ಕಾಲಿನಲ್ಲೇ ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಆ ಕಾಲಿನ ನೂಕನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯಬಲ್ಲೆ. ಅದು ನಮ್ಮ ಬೀದಿಯದು, ನಮ್ಮ ಅತ್ತಿಗೆಯದು. ಚೇಟ ಕೈಸನ್ನೆಯಲ್ಲಿ ಹೇಳಿದ. ಸುತ್ತಲಿನದು ಕುಡಿಯುವುದಕ್ಕಾಗದು, ಒಮ್ಮೊಮ್ಮೆ ಉಪ್ಪು, ಯಾವಾಗಲೂ ಕೊಳೆ. ಕುಡಿಯುವ ನೀರು ದೋಣಿಯಲ್ಲಿ ಬರಬೇಕು. ಈವತ್ತು ತಡ.

ಚೈತ್ರಾ ಕೊಡಗಳನ್ನು ನೋಡಿದಳು. ಅವುಗಳ ಹಿಂದೆ ಕಣ್ಣು ಹೋದಷ್ಟು ದೂರ ಹಬ್ಬಿದ ನೀರನ್ನು ನೋಡಿದಳು. ಆಮೇಲೆ, ಪ್ರಯಾಣ ಶುರುವಾದ ಮೇಲೆ ಮೊದಲ ಸಲ, ನನ್ನ ಕ್ಯಾನನ್ನು ಮುಖವೆತ್ತಿ ನೋಡಿದಳು.

"ಅತ್ತೆ ಹೇಳಿದ್ದು ಇದನ್ನೇ ಅಲ್ವೇನ್ರೀ," ಎಂದಳು.

ಅವಳೇ ಕ್ಯಾನು ಎತ್ತಿದಳು. ಚೇಟನಿಗೆ ಲೋಟ ತುಂಬಿ ಕೊಟ್ಟಳು. ದಂಡೆಯ ಮೇಲಿದ್ದ ಒಬ್ಬ ಅಜ್ಜಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು, ಅವಳಿಗೂ ಕೊಟ್ಟಳು. ಅಜ್ಜಿ ಒಂದು ಗುಟುಕು ಬಾಯಲ್ಲಿ ನಿಲ್ಲಿಸಿ, ನುಂಗಿ, ತಲೆಯಾಡಿಸಿ, ಲೋಟವನ್ನು ಮತ್ತೆ ಚಾಚಿದಳು. ಏನೋ ಕೇಳಿದಳು. ಎಲ್ಲಿಯ ನೀರು ಎಂದಿರಬೇಕು.

"ಜಗಳೂರು!" ಎಂದೆ ಎದೆಯುಬ್ಬಿಸಿ. ಜಾಕೆಟ್ಟಿನಿಂದಾಗಿ ಅದು ಮೊದಲೇ ಉಬ್ಬಿತ್ತು. ನಮ್ಮೂರ ನೀರನ್ನು ಯಾರಾದರೂ ಎರಡನೇ ಸಲ ಕೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಆ ಹುಮ್ಮಸ್ಸಿನಲ್ಲಿ ಇಂಜಿನ್ನಿಗೆ ಕೈಹಾಕಿದೆ. ತಪ್ಪೇನೆಂದು ನೋಡಿದ ಕೂಡಲೇ ತಿಳಿಯಿತು. ಇಂಜಿನ್ನನ್ನು ತಣ್ಣಗಿಡಲು ಹೊರಗಿನ ನೀರನ್ನೇ ಒಂದು ಪೈಪಿನಿಂದ ಎಳೆದುಕೊಳ್ಳುತ್ತದೆ. ಆ ಪೈಪಿನ ಬಾಯಿಗೆ ನೀರಲ್ಲಿ ತೇಲುವ ಗಿಡದ ಬೇರು ಸುತ್ತಿಕೊಂಡಿದೆ. ನಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವಿಗೆ ಎಲೆ ಸಿಕ್ಕಿದ ಹಾಗೆ, ಅಷ್ಟೇ. ಮಾವನವರ ಹುಬ್ಬು ಹೇಳಿದ್ದು ನಿಜವಾಗಿತ್ತು. ಈ ಗಿಡವನ್ನು ಮೊದಲೇ ಕಿತ್ತು ಹಾಕಬೇಕಿತ್ತು. ಚೇಟ ಕೈ ಅಡ್ಡ ತಂದು, ಸ್ವಲ್ಪ ಆರಲಿ, ನಾನೇ ತೆಗೆಯುತ್ತೇನೆ ಎಂಬಂತೆ ಏನೋ ಅಂದ. ನನಗೆ ಅರ್ಥವಾಗಲಿಲ್ಲ ಎಂದು ನಟಿಸಿದೆ. ಪೈಪು ಸಡಿಲಿಸಿದೆ. ಅದನ್ನು ಹಿಡಿದಿದ್ದ ಕಬ್ಬಿಣದ ಕ್ಲಿಪ್ಪು ಚಿಮ್ಮಿತು, ನನ್ನ ಬಣ್ಣದ ಕನ್ನಡಕಕ್ಕೆ ಬಡಿಯಿತು, ಕನ್ನಡಕ ಮತ್ತು ಕ್ಲಿಪ್ಪು ಕೈಕೈ ಹಿಡಿದುಕೊಂಡು ನೀರಿಗೆ ಬಿದ್ದವು. ಗುಳುಕ್.

ಚೇಟ ನೀರಿನಲ್ಲಿ ಏಳುತ್ತಿದ್ದ ಗುಳ್ಳೆಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ನೋಟವನ್ನು ಅರ್ಥ ಮಾಡಿಕೊಳ್ಳಲು ಮಲಯಾಳ ಬೇಕಿರಲಿಲ್ಲ. ದಂಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಜ್ಜಿ ಮಾತ್ರ ಮುಚ್ಚುಮರೆಯಿಲ್ಲದೆ ನಕ್ಕಳು, ಅದೂ ನಮ್ಮೂರ ನೀರು ಕುಡಿದ ಬಾಯಿಂದ.

ಇಲ್ಲಿ ನನ್ನನ್ನು ಕಾಪಾಡಿದ್ದು ಬುದ್ಧಿಯಲ್ಲ, ಜೇಬು. ರೀವೈಂಡಿಂಗ್ ಮಾಡುವವನ ಅಂಗಿ ಜೇಬಿನಲ್ಲಿ ತಾಮ್ರದ ತಂತಿಯ ತುಂಡುಗಳು ಯಾವಾಗಲೂ ಇರುತ್ತವೆ. ಮದುವೆಯ ಶರ್ಟಿನಲ್ಲೂ ಇದ್ದವು, ಅಕ್ಷತೆಯ ಜೊತೆಗೆ. ಬೇರು ಕಿತ್ತು ಹಾಕಿ, ಪೈಪು ಕೂರಿಸಿ, ತಂತಿಯನ್ನು ಬಿಗಿಯಾಗಿ ಸುತ್ತಿದೆ. ಸುತ್ತುವುದು ಒಂದನ್ನು ಮಾತ್ರ ನಾನು ಈ ಭೂಮಿಯ ಮೇಲೆ ತಪ್ಪಿಲ್ಲದೆ ಮಾಡುತ್ತೇನೆ. ಚೇಟ ಅನುಮಾನದಿಂದ ಹ್ಯಾಂಡಲ್ ತಿರುಗಿಸಿದ. ಇಂಜಿನ್ನು ಕೆಮ್ಮಿತು, ಉಗುಳಿತು, ಹಿಡಿಯಿತು. ಅವನು ತಂತಿಯ ಸುತ್ತನ್ನು ಬೆರಳಿನಿಂದ ಒತ್ತಿ ನೋಡಿ, ಒಳ್ಳೆಯದು ಎಂಬಂತೆ ಗಲ್ಲ ಮೇಲೆತ್ತಿದ. ಆಮೇಲೆ ದೂರದಲ್ಲಿ ನಿಂತಿದ್ದ ಇನ್ನೊಂದು ದೋಣಿ ತೋರಿಸಿ, ಅದೂ ಕೆಟ್ಟಿದೆ, ನೋಡುತ್ತೀಯಾ ಎಂದು ಕೈಯಲ್ಲೇ ಕೇಳಿದ!

ಚೈತ್ರಾ ನಕ್ಕಳು. ನಗುತ್ತಲೇ ಹೇಳಿದಳು, "ನೀವು ಎಲ್ಲಿಗ್ ಹೋದ್ರೂ ಅಲ್ಲೊಂದು ಮೋಟ್ರು ಕೆಟ್ಟೇ ಇರ್ತೈತೆ. ಮತ್ತೆ ಯಾಕ್ರೀ ಹೆದ್ರಿಕೆ?"

ನಾನು ಹೆದರಿದ್ದೇನೆಂದು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಅಷ್ಟು ಕಷ್ಟಪಟ್ಟು ತಮಾಷೆ ಮಾಡಿ ಮುಚ್ಚಿಟ್ಟದ್ದು ಅವಳಿಗೆ ಯಾವಾಗಲೋ ಕಂಡಿತ್ತು. ದಂಡೆಯ ಹತ್ತಿರ ಕುಡಿಯುವ ನೀರಿನ ದೋಣಿ ಬಂತು, ಹೆಂಗಸರು ಒಮ್ಮೆಲೇ ಎದ್ದರು, ಕೊಡಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಥೇಟು ನಮ್ಮೂರ ಸದ್ದು.

"ನಾನೇ ಬರ್ತೀನಿ," ಎಂದೆ.

ಅವಳು ಕಾದಳು.

"ಹ್ಞೂಂ, ಮುಂದೆ?"

"ಮುಂದೇನಿಲ್ಲ."

"ಸುಳ್ಳು. ಮುಂದೆ ಏನೋ ಐತೆ. ನಗು ಬರೋ ಅಂಥದ್ದು. ಹೇಳಿಬಿಡ್ರಿ."

ಇಲ್ಲ ಎಂದೆ, ಆಣೆ ಮಾಡಿದೆ. ಹಿಂದುಮುಂದಾದ ಲೈಫ್ ಜಾಕೆಟ್ಟಿನಲ್ಲಿ ಎಣ್ಣೆ ಮೆತ್ತಿದ ಮುಖ ಹೊತ್ತು ಆಣೆ ಮಾಡಿದರೆ ನೀವಾದರೂ ನಂಬುತ್ತಿದ್ದಿರಾ? ಜೀವಮಾನವಿಡೀ ತಮಾಷೆ ಮಾಡಿದವನಿಗೆ ಇದೇ ಶಿಕ್ಷೆ. ಒಂದು ನಿಜ ಹೇಳಿದ ದಿನ ಕೇಳುವವರು ಉಳಿದರ್ಧಕ್ಕೆ ಕಾಯುತ್ತಾ ಕೂರುತ್ತಾರೆ. ಲಾಡ್ಜಿಗೆ ಬಂದ ಮೇಲೂ ಅವಳು ಆಗಾಗ ನನ್ನ ಮುಖ ನೋಡುತ್ತಿದ್ದಳು, ಈಗ ಬರುತ್ತದೆ, ಈಗ ಬರುತ್ತದೆ ಎಂಬಂತೆ.

ಹೊರಡುವ ಮುನ್ನ ಕಾಲುವೆ ದಂಡೆಯ ನಾರಿನ ಅಂಗಡಿಗೆ ಹೋದೆವು. ಕಾಲೊರೆಸುವ ಮ್ಯಾಟುಗಳನ್ನು ಗೋಡೆಯೆತ್ತರಕ್ಕೆ ಜೋಡಿಸಿದ್ದರು. ಅಂಗಡಿಯವನು ಬಾಗಿಲು ಎಷ್ಟು ಅಗಲ ಎಂದು ಕೈ ಅಗಲಿಸಿ ಕೇಳಿದ. ಜಗಳೂರಿನ ನಮ್ಮ ಮನೆ ಬಾಗಿಲು ಹಳೆಯ ಕಾಲದ್ದು, ಎತ್ತಿನ ಜೋಡಿ ನುಗ್ಗುವಷ್ಟು ಅಗಲ. ನ್ಯಾಮತಿಯ ಬಾಡಿಗೆ ಮನೆಯದು ನಾನು ಒಂದು ಕ್ಯಾನು ಹಿಡಿದುಕೊಂಡು ನೆಟ್ಟಗೆ ಹೋಗಲಾರದಷ್ಟು ಕಿರಿದು. ಚೈತ್ರಾ ದೊಡ್ಡ ಮ್ಯಾಟಿನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು.

"ಅದು ನಮ್ಮನೆ ಬಾಗಿಲಿಗೆ ಹಿಡಿಸಲ್ಲ ಕಣೆ," ಎಂದೆ. "ಆ ಸಣ್ಣದು ತಗಾ."

ಅವಳು ಸಣ್ಣ ಮ್ಯಾಟನ್ನು ಎತ್ತಿ, ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡಳು. ಮತ್ತೊಂದು ಕೈಯಲ್ಲಿ ನನ್ನ ಖಾಲಿ ಕ್ಯಾನನ್ನು ಹಿಡಿದು ಅಂಗಡಿಯ ಮೆಟ್ಟಿಲಿಳಿದಳು. ನಾನು ಚಕ್ರದ ಸೂಟ್‌ಕೇಸು ಎಳೆದುಕೊಂಡು ದೊಡ್ಡ ಮನುಷ್ಯನಂತೆ ಅವಳ ಹಿಂದೆ ನಡೆದೆ. ದಾವಣಗೆರೆಯವರೆಗೂ ಅವಳು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಅಮ್ಮನಿಗೆ ಹೇಗೆ ಹೇಳುವುದೆಂದು ಅಳುಕುತ್ತಾ ಮನೆಗೆ ಹೋಗಿ ಬಾಯಿಬಿಟ್ಟರೆ, ಅವಳು ಅಕ್ಕಿ ಆರಿಸುತ್ತಾ, "ನೀರಿರೋ ಊರಿಗೆ ಹೋಗಾಕೆ ಇಷ್ಟು ದಿನ ಬೇಕಾಯ್ತೇನೋ ನಿಂಗೆ?" ಎಂದಳು. ಗೆಳೆಯರು ಅಂದುಕೊಂಡದ್ದಕ್ಕಿಂತ ಜಾಸ್ತಿ ರೇಗಿಸಿದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಚೆನ್ನಾಗಿ ರೇಗಿಸುತ್ತಿದ್ದೆ.

ಮೊನ್ನೆ ನೆನೆದ ಆ ಮ್ಯಾಟು ಹಿಂಡಿ, ಗೇಟಿನ ಮೇಲೆ ಒಣಗಲು ಹಾಕಿದೆ. ಅಷ್ಟರಲ್ಲಿ ಯಾರೋ ಬೈಕಿನ ಹಿಂದೆ ಮೋಟಾರು ಕಟ್ಟಿಕೊಂಡು ಬಂದರು. ಮನೆಯ ಮುಂದಿನ ಕೋಣೆಯೇ ಈಗ ಅಂಗಡಿ. ನಾಲೆಗೆ ನೀರು ಬಿಡದ ತಿಂಗಳುಗಳಲ್ಲಿ ಈ ಕಡೆಯ ತೋಟದವರಿಗೂ ಬೋರೇ ಗತಿ ಎಂಬುದು ನನಗೆ ಮೊದಲು ಗೊತ್ತಿರಲಿಲ್ಲ. ಮೋಟಾರಿಗೆ ಮೂಗು ಹತ್ತಿರ ತಂದು, "ಇದು ಪೂರ್ತಿ ಹೋಗೈತೆ" ಎಂದೆ. ಅವರು ಗೌರವದಿಂದ ತಲೆಯಾಡಿಸಿದರು. ನನ್ನ ಮಾತಿನ ಧಾಟಿ ಕೇಳಿ, ಒದ್ದೆ ಹೊಸ್ತಿಲು ನೋಡಿ, ಕೇಳಿದರು.

"ಯಾವೂರ್ರೀ ನಿಮ್ದು?"

"ಇಲ್ಲೇ, ನ್ಯಾಮತಿ," ಎಂದೆ ನಾನು.

"ಜಗಳೂರು ಕಣ್ರೀ ನಮ್ದು," ಎಂದಳು ಒಳಗಿನಿಂದ ಅವಳು. ಎರಡೂ ಒಂದೇ ಗಳಿಗೆಯಲ್ಲಿ.